ಇಯರ್‌ಫೋನಿನ ಪುಟ್ಟ ಮೈಕ್ ಬಂದ ದಾರಿ

ಆನ್‌ಲೈನ್ ಸಭೆಗೋ ಪಾಡ್‌ಕಾಸ್ಟ್‌ಗೋ ಯಾವ ಮೈಕ್ ಕೊಳ್ಳಬೇಕು ಅಂತ ನಮ್ಮನ್ನು ಕೇಳುವವರು ಬಹಳ. ಮೈಕಿನ ಇತಿಹಾಸ ಸ್ವಲ್ಪ ತಿಳಿದರೆ ದುಡ್ಡು ಉಳಿಯುತ್ತದೆ.

1870ರ ದಶಕದ ಮೈಕಿನೊಳಗೆ ಇದ್ದದ್ದು ಇದ್ದಿಲು. ಫೋನಿನ ಮಾತಿಗೆ ಸಾಕು, ಆದರೆ ಗರಗರ ಸದ್ದು. 1916ರಲ್ಲಿ ಅಮೆರಿಕದ ಎಡ್ವರ್ಡ್ ವೆಂಟೆ ಕಂಡೆನ್ಸರ್ ಮೈಕ್ ಮಾಡಿದರು. ದನಿ ಸ್ಪಷ್ಟವಾಯಿತು, ಆದರೆ ಅದಕ್ಕೆ ಹೊರಗಿನಿಂದ ಕರೆಂಟ್ ಕೊಡಬೇಕಿತ್ತು. 1962ರಲ್ಲಿ ಬೆಲ್ ಲ್ಯಾಬ್ಸ್‌ನ ಜೇಮ್ಸ್ ವೆಸ್ಟ್, ಗೆರ್ಹಾರ್ಡ್ ಸೆಸ್ಲರ್ ಇಬ್ಬರೂ ಸೇರಿ, ಚಾರ್ಜನ್ನು ತಾನೇ ಹಿಡಿದಿಟ್ಟುಕೊಳ್ಳುವ ತೆಳು ಪ್ಲಾಸ್ಟಿಕ್ ಹಾಳೆ ಬಳಸಿದರು. ಅದೇ ಎಲೆಕ್ಟ್ರೆಟ್. ಮೈಕ್ ಅಗ್ಗವಾಯಿತು, ಕಾಳಿನಷ್ಟು ಚಿಕ್ಕದಾಯಿತು. ಇಯರ್‌ಫೋನ್ ವೈರಿನಲ್ಲಿ, ಅಂಗಿಗೆ ಸಿಕ್ಕಿಸುವ ಮೈಕಿನಲ್ಲಿ ಹೆಚ್ಚಾಗಿ ಇರುವುದು ಇದೇ.

ವೇದಿಕೆಯ ದಾರಿ ಬೇರೆ. 1966ರಲ್ಲಿ ಬಂದ ಶೂರ್ ಎಸ್‌ಎಂ58 ಡೈನಮಿಕ್ ಮೈಕ್. ಒಳಗೆ ಅಯಸ್ಕಾಂತ ಮತ್ತು ತಂತಿಸುರುಳಿ. ಬಾಯಿ ಹತ್ತಿರದ ದನಿಯನ್ನು ಗಟ್ಟಿಯಾಗಿ ಹಿಡಿಯುತ್ತದೆ, ಹಿಂಬದಿಯ ಗದ್ದಲವನ್ನು ಅಷ್ಟಾಗಿ ತೆಗೆದುಕೊಳ್ಳುವುದಿಲ್ಲ.

ಫ್ಯಾನು, ಕೋಳಿ, ಟ್ರ್ಯಾಕ್ಟರ್ ಸದ್ದಿನ ನಡುವೆ ದೂರವಿಟ್ಟ ದುಬಾರಿ ಮೈಕಿಗಿಂತ ಬಾಯಿ ಹತ್ತಿರದ ಅಗ್ಗದ ಮೈಕೇ ಮೇಲು. ಅಜ್ಜಿ ಹಾಡುವ ಸೋಬಾನೆ ಪದ ಇನ್ನೊಮ್ಮೆ ಸಿಗದೇ ಹೋಗಬಹುದು. ಹೊಸದು ಕೊಳ್ಳುವ ತನಕ ಕಾಯಬೇಡಿ. ಫ್ಯಾನ್ ಆರಿಸಿ, ಇರುವ ಇಯರ್‌ಫೋನ್ ಮೈಕನ್ನು ಅಜ್ಜಿಯ ಬಾಯಿಂದ ಒಂದು ಗೇಣು ದೂರದಲ್ಲಿ ಹಿಡಿದು ಇವತ್ತೇ ರೆಕಾರ್ಡ್ ಮಾಡಿ.