ಮನೆ ಮಾರಾಟ ಆಯ್ತು, ಒಳಗಿರೋರ ಕಥೆ ಏನು?

ಭಾಗ 1

"ಮನೆ ಮಾರ್ತಿದೀವಿ, ತಿಂಗಳ ಕೊನೆಗೆ ಖಾಲಿ ಮಾಡಿ."

ಬಾಡಿಗೆ ಮನೆಯಲ್ಲಿ ಬೆಳೆದೋರಿಗೆ ಈ ಮಾತು ಹೊಸದಲ್ಲ. ಹೇಳೋರು, ಕೇಳೋರು ಇಬ್ಬರೂ ಒಂದನ್ನ ನಂಬಿರ್ತಾರೆ: ಮನೆ ಮಾರಿದ ಕೂಡಲೇ ಬಾಡಿಗೆ ಕರಾರು ಮುಗೀತು ಅಂತ. ಮುಗಿಯಲ್ಲ. ಯಾಕೆ ಅನ್ನೋದರ ಹಿಂದೆ ಸುಮಾರು 500 ವರ್ಷದ ಕಥೆ ಇದೆ. ಅದರಲ್ಲಿ ಒಬ್ಬ ರಾಜ ಇದ್ದಾನೆ, ಮಠಗಳಿವೆ, ಭರ್ಜರಿ ರಿಯಲ್ ಎಸ್ಟೇಟೂ ಇದೆ.

ಪುರಾತನ ರೋಮ್‌ನಲ್ಲಿ ನಿಯಮ ಉಲ್ಟಾ ಇತ್ತು. ಮಾಲೀಕ ಹೊಲವನ್ನೋ ಮನೆಯನ್ನೋ ಮಾರಿದ್ರೆ, ಕೊಂಡವನು ಒಳಗಿದ್ದೋರನ್ನ ಎಬ್ಬಿಸಬಹುದಿತ್ತು. ಅವರನ್ನ ಇರೋಕೆ ಬಿಡಬೇಕು ಅಂತ ಮಾರುವಾಗಲೇ ಷರತ್ತು ಹಾಕಿದ್ರೆ ಮಾತ್ರ ಬೇರೆ ಮಾತು. ಬಾಡಿಗೆದಾರ ಹಳೇ ಮಾಲೀಕನ ಮೇಲೆ ನಷ್ಟ ಪರಿಹಾರಕ್ಕೆ ಕೇಸ್ ಹಾಕಬಹುದಿತ್ತು ನಿಜ, ಆದ್ರೆ ಪಾತ್ರೆ ಪಗಡೆ ಆಗಲೇ ಬೀದಿಯಲ್ಲಿ. ಈ ಯೋಚನೆ ಎಷ್ಟು ಗಟ್ಟಿ ಅಂದ್ರೆ, 1888ರಲ್ಲಿ ಜರ್ಮನಿಯ ಸಿವಿಲ್ ಸಂಹಿತೆಯ ಮೊದಲ ಕರಡಲ್ಲೂ ಇದೇ ಇತ್ತು. ಓಟ್ಟೋ ಫಾನ್ ಗೀರ್ಕೆ ಅನ್ನೋ ಕಾನೂನು ಪ್ರೊಫೆಸರ್ ಆ ಕರಡನ್ನ ಕಟುವಾಗಿ ಟೀಕಿಸಿದ್ರು. 1900ರಲ್ಲಿ ಸಂಹಿತೆ ಜಾರಿಗೆ ಬರೋ ಹೊತ್ತಿಗೆ ಮಾತು ಪೂರ್ತಿ ತಿರುಗಿತ್ತು: ಮಾರಾಟದಿಂದ ಬಾಡಿಗೆ ಮುರಿಯಲ್ಲ.

ನಮಗೆ ಈ ನಿಯಮ ಬಂದಿದ್ದು ಜರ್ಮನಿಯಿಂದ ಅಲ್ಲ, ಇಂಗ್ಲೆಂಡಿಂದ. ಅಲ್ಲಿನ ಕಥೆ ಇನ್ನೂ ಮಜವಾಗಿದೆ 👇

ಭಾಗ 2

ಎಂಟನೇ ಹೆನ್ರಿ. ಆರು ಮದುವೆ ರಾಜ ಅಂತ ರೀಲ್ಸ್‌ನಲ್ಲಿ ನೋಡಿರ್ತೀರ. ಪೋಪ್ ಜೊತೆ ಸಂಬಂಧ ಕಡಿದುಕೊಂಡ ಮೇಲೆ, 1536ರಿಂದ 1540ರ ಒಳಗೆ ಅವನು ದೇಶದ ಸುಮಾರು 800 ಕ್ರೈಸ್ತ ಮಠಗಳನ್ನ ಮುಚ್ಚಿಸಿದ. ಮಠಗಳ ಆಸ್ತಿಯೆಲ್ಲ ಅರಮನೆಗೆ ಬಂತು. ಅರಮನೆಗೆ ದುಡ್ಡು ಬೇಕಿತ್ತು, ಹಾಗಾಗಿ ಆ ಜಮೀನೆಲ್ಲ ಒಂದೊಂದಾಗಿ ಮಾರಾಟಕ್ಕೆ ಬಂತು.

ಆದ್ರೆ ಆ ಜಮೀನು ಖಾಲಿ ಇರಲಿಲ್ಲ. ಮಠದ ಹತ್ರ ವರ್ಷಗಟ್ಟಲೆ ಗುತ್ತಿಗೆ ಮಾಡಿಕೊಂಡ ಜನ ಅಲ್ಲೇ ವಾಸವಾಗಿದ್ರು, ಉಳುತ್ತಿದ್ರು. ಈಗ ಹೊಸ ಮಾಲೀಕ ಬಂದು "ಕರಾರಲ್ಲಿ ಇರೋ ಹಾಗೆ ಮನೆ ರಿಪೇರಿ ಮಾಡ್ಸಿ" ಅಂದ್ರೆ, ಅವರು "ನಾನು ಕರಾರು ಮಾಡಿಕೊಂಡಿದ್ದು ಮಠದ ಜೊತೆ, ನೀವ್ಯಾರು ಸ್ವಾಮಿ?" ಅನ್ನಬಹುದಿತ್ತು. ಬಿಕಾಂನವರಿಗೆ ಇದು ತಕ್ಷಣ ಹೊಳೆಯುತ್ತೆ. ಬಿಸಿನೆಸ್ ಲಾ ಪೇಪರಲ್ಲಿ ಉರು ಹೊಡೀತೀವಲ್ಲ, ಕರಾರಿಗೆ ಹೊರಗಿನವನು ಅದರ ಮೇಲೆ ಕೇಸ್ ಹಾಕಂಗಿಲ್ಲ ಅಂತ, ಅದೇ.

ದುಡ್ಡು ಸುರಿದು ಕೊಂಡೋರು ಸುಮ್ಮನಿರ್ತಾರಾ? 1540ರಲ್ಲಿ ಪಾರ್ಲಿಮೆಂಟ್ ಕಾನೂನು ಮಾಡ್ತು. ಹಳೇ ಮಾಲೀಕನಿಗೆ ಗುತ್ತಿಗೆ ಕರಾರಿನ ಮೇಲೆ ಇದ್ದ ಹಕ್ಕು ಇನ್ಮೇಲೆ ಕೊಂಡವನಿಗೂ ಉಂಟು. ಅದರ ಜೊತೆಗೇ ಇನ್ನೊಂದು ಕಲಮು: ಗುತ್ತಿಗೆದಾರನಿಗೆ ಹಳೇ ಮಾಲೀಕನ ಮೇಲೆ ಇದ್ದ ಹಕ್ಕು ಕೊಂಡವನ ಮೇಲೂ ಉಂಟು.

ಅಂದ್ರೆ ಬಾಡಿಗೆದಾರರ ಮೇಲೆ ಕರುಣೆ ಉಕ್ಕಿ ಬಂದ ಕಾನೂನಲ್ಲ ಇದು. ಕೊಂಡೋರಿಗೆ ಅಂತ ಕಟ್ಟಿದ ಸೇತುವೆ ಮೇಲೆ ಬಾಡಿಗೆದಾರರೂ ದಾಟಿದ್ರು ಅಂತ ನನ್ನ ಲೆಕ್ಕ.

ಇನ್ನೊಂದು ಗಂಟು ಉಳಿದಿತ್ತು. ಅಲ್ಲಿನ ಹಳೇ ಪದ್ಧತಿ ಪ್ರಕಾರ ಒಳಗಿರೋನು "ಹೌದು, ಇನ್ಮೇಲೆ ನೀವೇ ನನ್ನ ಮಾಲೀಕರು" ಅಂತ ಒಪ್ಪಿಕೊಂಡ್ರೆ ಮಾತ್ರ ವರ್ಗಾವಣೆ ಪೂರ್ತಿ ಆಗ್ತಿತ್ತು. 1705ರಲ್ಲಿ, ಆ್ಯನ್ ರಾಣಿ ಕಾಲದಲ್ಲಿ, ಆ ಒಪ್ಪಿಗೆ ಬೇಕಿಲ್ಲ ಅಂತ ಆಯ್ತು. ಅದರ ಬದಲಿಗೆ ಒಂದು ರಕ್ಷಣೆ ಕೊಟ್ರು: ಮಾರಾಟದ ವಿಷಯ ತಿಳಿಸೋ ಮುಂಚೆ ಹಳೇ ಮಾಲೀಕನಿಗೆ ಬಾಡಿಗೆ ಕೊಟ್ಟಿದ್ರೆ ಅದಕ್ಕೆ ತೊಂದರೆ ಇಲ್ಲ.

ಭಾಗ 3

1882. ಬ್ರಿಟಿಷ್ ಇಂಡಿಯಾದಲ್ಲಿ ಆಸ್ತಿ ವರ್ಗಾವಣೆ ಕಾಯ್ದೆ ಬಂತು. ಇವತ್ತಿಗೂ ನಮ್ಮಲ್ಲಿ ಅದೇ ಇದೆ. ಅದರ 109ನೇ ಸೆಕ್ಷನ್ ಓದಿದ್ರೆ ಮೇಲಿನ ಕಥೆಯೆಲ್ಲ ಒಂದೇ ಪ್ಯಾರಾದಲ್ಲಿ ಕೂತಿರೋದು ಕಾಣುತ್ತೆ. ಕೊಂಡವನಿಗೆ ಹಳೇ ಮಾಲೀಕನ ಹಕ್ಕೆಲ್ಲ ಸಿಗುತ್ತೆ. ಹೊಣೆ ಯಾರದು ಅನ್ನೋ ಜಾಗದಲ್ಲಿ ಮಾತ್ರ ಆಯ್ಕೆ ಬಾಡಿಗೆದಾರನಿಗೆ. ಹೊಸಬರೇ ಹೊಣೆ ಅಂತ ಅವನು ಒಪ್ಪೋವರೆಗೆ, "ನಾನು ಮಾರಿಬಿಟ್ಟೆ" ಅನ್ನೋ ಒಂದೇ ಕಾರಣಕ್ಕೆ ಹಳೇ ಮಾಲೀಕರು ಕರಾರಿನಿಂದ ಕಳಚಿಕೊಳ್ಳಂಗಿಲ್ಲ. ಮಾರಾಟ ಗೊತ್ತಿಲ್ಲದೆ ಹಳೇ ಮಾಲೀಕರಿಗೆ ಬಾಡಿಗೆ ಕೊಟ್ಟಿದ್ರೆ ಎರಡನೇ ಸಲ ಕೊಡಬೇಕಿಲ್ಲ. 1705ರ ಮಾತೇ!

ನಾವಿದ್ದ ಮನೆ ಮಾರಾಟ ಆದಾಗ ಜಗಳ ಹತ್ತಿದ್ದು ಅಡ್ವಾನ್ಸ್ ಮೇಲೆ. ಹೊಸಬರು "ಹಳೇದು ಅವರ ಹತ್ರ ಇಸ್ಕೊಳ್ಳಿ, ನಮಗೆ ಹೊಸದಾಗಿ ಕೊಡಿ" ಅಂದ್ರು. ಹಳಬರು ಫೋನ್ ಎತ್ತೋದೇ ಬಿಟ್ರು. ಅಪ್ಪ ಕರಾರು ಹಿಡ್ಕೊಂಡು ಎರಡು ವಾರ ಓಡಾಡಿದ ಮೇಲೆ ಮೂರೂ ಕಡೆಯವರು ಕೂತು, ಹಳಬರು ಹೊಸಬರಿಗೆ ಆ ದುಡ್ಡು ದಾಟಿಸಿ, ಒಂದು ಹಾಳೆಯಲ್ಲಿ ಬರೆದು ಸೈನ್ ಹಾಕಿದ್ರು. ಕ್ರಯಪತ್ರ ರಿಜಿಸ್ಟರ್ ಆಗೋ ಮುಂಚೆಯೇ ಇದು ಆಗಿದ್ರೆ ಅಮ್ಮನ ಬಿಪಿ ಏರ್ತಿರಲಿಲ್ಲ 🙃

ಹಾಗಂತ ಬಾಡಿಗೆದಾರ ರಾಜ ಅಲ್ಲ. ಹೊಸ ಮಾಲೀಕರಿಗೆ ಹಳಬರ ಹಕ್ಕೆಲ್ಲ ಬಂತು ಅಂದ್ರೆ ಖಾಲಿ ಮಾಡಿಸೋ ಹಕ್ಕೂ ಬಂತು. ಒಂದು ವರ್ಷ ದಾಟಿದ ಲೀಸ್ ಕರಾರು ರಿಜಿಸ್ಟರ್ ಆಗಲೇಬೇಕು, ಅದಕ್ಕೇ ನಮ್ಮ ಕಡೆ ಎಲ್ಲರದ್ದೂ 11 ತಿಂಗಳು. ಅದು ಮುಗಿದು ತಿಂಗಳ ಲೆಕ್ಕದಲ್ಲಿ ಇದ್ರೆ, ಕರಾರಲ್ಲಿ ಬೇರೆ ಏನೂ ಬರೆದಿಲ್ಲದಿದ್ರೆ, 106ನೇ ಸೆಕ್ಷನ್ ಪ್ರಕಾರ 15 ದಿನದ ನೋಟಿಸ್ ಸಾಕು. ಕರ್ನಾಟಕ ಬಾಡಿಗೆ ಕಾಯ್ದೆ 1999 ಕಾಪಾಡುತ್ತೆ ಅಂತ ಸೀನಿಯರ್ ಒಬ್ಬರು ಹೇಳಿದ್ರು. ಆದ್ರೆ ಬೆಂಗಳೂರಿನಂಥ ಊರಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಬಾಡಿಗೆಗೆ ಅದು ಅನ್ವಯಿಸಲ್ಲ. ಆ ರೇಟಿಗೆ ಈಗ ಪಿಜಿಯಲ್ಲಿ ಒಂದು ಮಂಚ ಸಿಕ್ಕಿದ್ರೆ ಹೆಚ್ಚು.

ಒಳಗೆ ಜನ ಇದ್ರೆ ಕೊಳ್ಳೋರು ರೇಟ್ ಇಳಿಸಿ ಕೇಳ್ತಾರೆ, ಅದಕ್ಕೇ ಮಾರೋರಿಗೆ ಖಾಲಿ ಮನೆ ಬೇಕು. ಅವರ ಕಷ್ಟ ಅದು, ಅರ್ಥ ಆಗುತ್ತೆ. ಆದ್ರೆ "ಮಾರ್ತಿದೀವಿ" ಅನ್ನೋದು ನೋಟಿಸ್ ಅಲ್ಲ. ನೋಟಿಸ್ ಅಂದ್ರೆ ಬರವಣಿಗೆಯಲ್ಲಿ, ಸಹಿ ಹಾಕಿ, ದಿನ ಲೆಕ್ಕ ಹಾಕಿ ಕೊಡೋದು.

ಇವತ್ತು ಬೀರುವಿಂದ ನಿಮ್ಮನೆ ಕರಾರು ತೆಗೆದು ನೋಡಿ. ನೋಟಿಸ್ ಎಷ್ಟು ದಿನ ಅಂತ ಬರೆದಿದೆ? ಕಾಮೆಂಟಲ್ಲಿ ಹಾಕಿ.