ಫಾಗ್ ಲ್ಯಾಂಪ್ ಯಾಕೆ ಬಂಪರ್ ಕೆಳಗೇ ಕೂತಿದೆ?

ಇವತ್ತಿನ ಸಂಚಿಕೆ ಒಂದು ಸಣ್ಣ ದೀಪದ ಇತಿಹಾಸ. ಕಾರಿನ ಮುಂದೆ, ಬಂಪರ್ ಕೆಳಗೆ ಮೂಲೆಯಲ್ಲಿ ಇರುತ್ತಲ್ಲ, ಆ ಫಾಗ್ ಲ್ಯಾಂಪಿನದು. ಇದರ ಬೆನ್ನು ಹತ್ತಿದ್ದಕ್ಕೆ ಕಾರಣ ಒಂದು ಹೆದರಿಕೆ.

ಹೋದ ಜನವರಿ, ಬೆಳಗಿನ ಐದೂವರೆ. ಅವ್ವನನ್ನು ಆಸ್ಪತ್ರೆಗೆ ತೋರಿಸಬೇಕಂತ ಬನಹಟ್ಟಿಯಿಂದ ಜಮಖಂಡಿ ಕಡೆ ಹೊರಟಿದ್ದೆ. ಅಪ್ಪ ಹಿಂದಿನ ಸೀಟಿನಲ್ಲಿದ್ದ. ಎರಡೂ ಕಡೆ ಕಬ್ಬಿನ ಹೊಲ, ರಸ್ತೆ ತುಂಬ ಮಂಜು. ಹಿಂದಿನ ವಾರವಷ್ಟೇ ಫಾಗ್ ಲ್ಯಾಂಪಿನ ಹಳೇ ಹ್ಯಾಲೊಜೆನ್ ಬಲ್ಬ್ ತೆಗೆದು, ಕಣ್ಣು ಕುಕ್ಕುವ ಬಿಳಿ ಎಲ್‌ಇಡಿಗಳನ್ನು ನಾನೇ ಹಾಕಿದ್ದೆ. ಸ್ವಿಚ್ ಒತ್ತಿದರೆ ಮುಂದೆ ಬಿಳಿ ಗೋಡೆ ಎದ್ದಂಗಾಯ್ತು. ಆ ಗೋಡೆಯೊಳಗೆ ಒಂದು ಕಬ್ಬಿನ ಟ್ರ್ಯಾಲಿ ನಿಂತಿತ್ತು. ಹಿಂದೆ ದೀಪವಿಲ್ಲ, ರಿಫ್ಲೆಕ್ಟರ್ ಇಲ್ಲ. ಬ್ರೇಕ್ ಹಿಡಿದಾಗ ಉಳಿದದ್ದು ಎರಡು ಮಾರು. ಟ್ರ್ಯಾಲಿ ಪಕ್ಕ ಕೂತು ಟಾಯರ್ ಬಿಚ್ಚುತ್ತಿದ್ದ ಹುಡುಗ ಎದ್ದು ನಿಂತು ನನ್ನನ್ನೇ ನೋಡಿದ. ಅಪ್ಪ ಹೇಳಿದ್ದು ಒಂದೇ ಮಾತು: "ತಮ್ಮಾ, ಬೆಳಕ ಜಾಸ್ತಿ ಆತು, ದಾರಿ ಕಾಣವಲ್ದು."

ಹೆಚ್ಚು ಬೆಳಕು ಇದ್ದರೆ ಹೆಚ್ಚು ಕಾಣುತ್ತೆ ಅನ್ನೋದು ಹಳೇ ನಂಬಿಕೆ. ಮೊದಲ ಕಾರುಗಳಲ್ಲಿ ಕಾರ್ಬೈಡ್ ದೀಪ ಇದ್ದವು. ಕ್ಯಾಲ್ಸಿಯಂ ಕಾರ್ಬೈಡ್ ಮೇಲೆ ನೀರು ಹನಿಸಿದರೆ ಅಸಿಟಿಲೀನ್ ಅನಿಲ ಬರ್ತದೆ, ಅದನ್ನೇ ಉರಿಸುತ್ತಿದ್ದರು. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರ್ ಜತೆ ವಿದ್ಯುತ್ ದೀಪವೂ ಬಂತು. ಬೆಳಕು ಏರಿತು, ವೇಗವೂ ಏರಿತು. ಮಂಜಿನಲ್ಲಿ ಮಾತ್ರ ಚಾಲಕರು ಕುರುಡರಾಗಿಯೇ ಉಳಿದರು, ಯಾಕಂದ್ರೆ ಬೆಳಕು ನೀರಿನ ಹನಿಗಳಿಗೆ ಬಡಿದು ಅವರ ಕಣ್ಣಿಗೇ ವಾಪಸ್ ಬರುತ್ತಿತ್ತು.

1930ರ ದಶಕದಲ್ಲಿ ಮಂಜಿಗಂತಲೇ ಬೇರೆ ದೀಪಗಳು ಬಳಕೆಗೆ ಬಂದವು. ಹಳದಿ ಬೆಳಕು ಮಂಜನ್ನು ಸೀಳುತ್ತೆ ಅನ್ನುವ ಮಾತೂ ಜೋರಾಯಿತು. ಫ್ರಾನ್ಸ್ ಅಂತೂ 1930ರ ದಶಕದ ಕೊನೆಯಿಂದ 1993ರವರೆಗೆ ಕಾರುಗಳ ಹೆಡ್‌ಲೈಟೇ ಹಳದಿ ಇರಬೇಕು ಅಂತ ನಿಯಮ ಇಟ್ಟಿತ್ತು. ಹಳದಿ ಕಣ್ಣಿಗೆ ಹಿತ ಅನ್ನಿಸಬಹುದು. ಆದರೆ ಮಂಜಿನ ಹನಿ ಬೆಳಕಿನ ಅಲೆಗಿಂತ ಹತ್ತಾರು ಪಟ್ಟು ದೊಡ್ಡದು. ಅದು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ತರಹ ಚದುರಿಸುತ್ತೆ. ಮಂಜು ಬೆಳ್ಳಗೆ ಕಾಣೋದೇ ಅದಕ್ಕೆ.

ಹಂಗಾದ್ರೆ ಕೆಲಸ ಮಾಡೋದು ಏನು? ದೀಪ ಕೂತ ಜಾಗ, ಬೆಳಕಿನ ಆಕಾರ. ದೀಪ ಕೆಳಗಿರಬೇಕು, ಬೆಳಕು ಅಗಲವಾಗಿ ಹರಡಬೇಕು, ಅದರ ಮೇಲಂಚು ಕತ್ತರಿಸಿದಂತಿರಬೇಕು. ಆಗ ಕಣ್ಣಿನ ಮಟ್ಟದ ಮಂಜು ಹೊಳೆಯೋದಿಲ್ಲ, ರಸ್ತೆಯ ಅಂಚು ಕಾಣುತ್ತೆ. ಇದು ನಮ್ಮವರಿಗೂ ಗೊತ್ತಿದ್ದ ಸಂಗತಿಯೇ. ಎದುರಿನವರ ಕಣ್ಣು ಕುಕ್ಕಬಾರದು ಅಂತ ಹಿಂದೆಲ್ಲ ಹೆಡ್‌ಲೈಟಿನ ಗಾಜಿಗೆ ಕಪ್ಪು ಬಣ್ಣ ಬಳೀತಿದ್ದರಲ್ಲ! ನಮ್ಮ ಮನೆಯ ಮಗ್ಗದ ಮೇಲೂ ಬಲ್ಬಿಗೆ ತಗಡಿನ ಟೊಪ್ಪಿಗೆ ಇರುತ್ತಿತ್ತು. ಬೆಳಕು ನೂಲಿನ ಮೇಲೆ ಬೀಳಬೇಕು, ನೇಕಾರನ ಕಣ್ಣಿಗಲ್ಲ.

1962ರಲ್ಲಿ ಯುರೋಪಿನಲ್ಲಿ ವಾಹನಗಳಿಗೆ ಹ್ಯಾಲೊಜೆನ್ ಬಲ್ಬ್ ಬಂತು. ಇಂಥ ದೀಪದ ಕನ್ನಡಿಯನ್ನು ಒಳಗಿನ ತಂತಿ ಎಲ್ಲಿರುತ್ತೆ ಅಂತ ಲೆಕ್ಕ ಹಾಕಿಯೇ ಮಾಡಿರ್ತಾರೆ. ಆ ಜಾಗಕ್ಕೆ ಬೇರೆ ಆಕಾರದ ಎಲ್‌ಇಡಿ ತುರುಕಿದರೆ ಲೆಕ್ಕ ತಪ್ಪಿ ಬೆಳಕು ಮೇಲಕ್ಕೆ ಚೆಲ್ಲಬಹುದು. ನಾನು ಮಾಡಿದ ತಪ್ಪು ಅದೇ.

ಮುಂದಿನ ಭಾನುವಾರ ಅಂಗಳದಲ್ಲಿ ಕೂತೆ. ಇಂಜಿನ್ ಆಫ್ ಮಾಡಿ, ದೀಪ ಆರಿಸಿ, ಬಿಸಿ ಇಳಿಯುವವರೆಗೆ ಕಾದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ, ಚಕ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆಯ ಸ್ಕ್ರೂ ಬಿಚ್ಚಿ, ಕೈ ಒಳಗೆ ಹಾಕಿದೆ. ಕನೆಕ್ಟರ್ ಎಳೆದು ಬಲ್ಬನ್ನು ಎಡಕ್ಕೆ ತಿರುಗಿಸಿದರೆ ಹೊರಗೆ ಬಂತು. ಹೊಸ ಹ್ಯಾಲೊಜೆನ್ ಬಲ್ಬ್ ಕಂಪನಿ ಹೇಳಿದ ನಂಬರಿನದೇ, ಅಷ್ಟೇ ವ್ಯಾಟಿನದು. ಗಾಜನ್ನು ಬೆರಳಿನಿಂದ ಮುಟ್ಟಲಿಲ್ಲ. ಚರ್ಮದ ಎಣ್ಣೆ ಅಂಟಿದ ಕಡೆ ಗಾಜು ಹೆಚ್ಚು ಕಾದು ಬಲ್ಬ್ ಬೇಗ ಹೋಗುತ್ತೆ. ಕತ್ತಲಾದ ಮೇಲೆ ಸಮತಟ್ಟು ಜಾಗದಲ್ಲಿ ಗೋಡೆಯಿಂದ 25 ಅಡಿ ದೂರ ಕಾರು ನಿಲ್ಲಿಸಿ ನೋಡಿದೆ. ಬೆಳಕಿನ ಮೇಲಂಚು ದೀಪದ ಮಟ್ಟಕ್ಕಿಂತ ಸುಮಾರು 4 ಇಂಚು ಕೆಳಗಿತ್ತು. ಅಪ್ಪ ಗೋಡೆ ನೋಡಿ, "ಈಗ ಟೊಪ್ಪಿಗಿ ಹಾಕಿದಂಗಾತು" ಅಂದ.

ಒಂದು ಮಾತು ನೆನಪಿಡಿ. ಈ ದೀಪ ದೂರ ತೋರಿಸೋದಿಲ್ಲ, ಅದು ತೋರಿಸಿದಷ್ಟರಲ್ಲಿ ನಿಲ್ಲುವ ವೇಗದಲ್ಲೇ ಹೋಗಬೇಕು. ಕಬ್ಬಿನ ಸೀಜನ್ ಮತ್ತೆ ಬರ್ತದೆ. ಟ್ರ್ಯಾಲಿ ಇದ್ದವರು ದಯವಿಟ್ಟು ಹಿಂದೆ ಒಂದು ರಿಫ್ಲೆಕ್ಟರ್ ಪಟ್ಟಿ ಅಂಟಿಸಿರಿ. ಟಾಯರ್ ಬಿಚ್ಚಲು ಕೂತವನು ನೆಲದ ಮಟ್ಟದಲ್ಲೇ ಇರ್ತಾನೆ. ನಮ್ಮ ಬೆಳಕೂ ಅಲ್ಲೇ ಬೀಳಬೇಕು.