ಪೂನೋಗೆ ಹೋದವರು ಮೊದಲ ದಿನ ಊರಲ್ಲೇ ಇರಿ

ಪೆರು ದೇಶ ನೋಡಲು ಹೋಗುವವರು ಪೂನೋ ಊರಿಗೆ ಕೊಡುವುದು ಸಾಮಾನ್ಯವಾಗಿ ಒಂದೇ ರಾತ್ರಿ. ಸಂಜೆ ಕೂಸ್ಕೋದಿಂದ ಬಂದು ಬಸ್ಸಿಳಿಯುತ್ತಾರೆ, ಬೆಳಿಗ್ಗೆ ದೋಣಿ ಹತ್ತಿ ತೇಲುವ ದ್ವೀಪಗಳನ್ನು ನೋಡುತ್ತಾರೆ, ಮಧ್ಯಾಹ್ನ ಬೊಲಿವಿಯಾದ ಬಸ್ಸು ಹಿಡಿಯುತ್ತಾರೆ. ನಡುವಿನ ರಾತ್ರಿ ತಲೆನೋವಿನಲ್ಲಿ, ನಿದ್ದೆಯಿಲ್ಲದೆ ಕಳೆದುಹೋಗುತ್ತದೆ. ಟಿಟಿಕಾಕಾ ಸರೋವರವೊಂದು ಬಿಟ್ಟರೆ ಅಲ್ಲಿ ನೋಡುವಂಥದ್ದು ಏನೂ ಇಲ್ಲ ಎಂಬ ಮಾತು ಹುಟ್ಟುವುದು ಹೀಗೆ. ನಾನು ಅದನ್ನು ಒಪ್ಪುವುದಿಲ್ಲ. ಪೂನೋ ಕಣ್ಣಿಗೆ ಚೆಂದದ ಊರಲ್ಲ, ನಿಜ. ಗಾರೆ ಕಾಣದ ಇಟ್ಟಿಗೆ ಮನೆಗಳು ತಾರಸಿಯ ಮೇಲೆ ಕಬ್ಬಿಣದ ಸರಳು ಚಾಚಿಕೊಂಡು ಗುಡ್ಡದ ಮೈಯೆಲ್ಲ ಹತ್ತಿವೆ. ಆದರೆ ಬೆಳ್ಳಿಯ ಜಗಳದಿಂದ ಹುಟ್ಟಿ, ಹೇಸರಗತ್ತೆಗಳ ಬೆನ್ನ ಮೇಲೆ ಬಂದ ಹಡಗುಗಳನ್ನು ನೀರಿಗಿಳಿಸಿದ ಊರು ಅದು. ಅಷ್ಟು ಎತ್ತರಕ್ಕೆ ಹೋದ ಮೈಗೆ ಮೊದಲ ದಿನ ವಿಶ್ರಾಂತಿ ಬೇಕೇ ಬೇಕು. ಆ ದಿನವನ್ನು ಊರಿಗೇ ಕೊಡಿ.

ಎತ್ತರದ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. ಸರೋವರದ ನೀರಿನ ಮಟ್ಟವೇ ಸಮುದ್ರಮಟ್ಟಕ್ಕಿಂತ ಸುಮಾರು 3,810 ಮೀಟರ್ ಮೇಲಿದೆ. ಊರು ಅಲ್ಲಿಂದ ಮೇಲಕ್ಕೆ ಹತ್ತುತ್ತದೆ. ನಮ್ಮ ಮುಳ್ಳಯ್ಯನಗಿರಿಯ ತುದಿಗೆ ಹೋಲಿಸಿದರೆ ಹೆಚ್ಚುಕಡಿಮೆ ಎರಡರಷ್ಟು. ಲೇಹ್‌ಗಿಂತಲೂ ಮುನ್ನೂರು ಮೀಟರ್ ಹೆಚ್ಚು. ಗಾಳಿಯ ಒತ್ತಡ ಸಮುದ್ರತೀರದಲ್ಲಿ ಇರುವುದರ ಮೂರನೇ ಎರಡು ಭಾಗಕ್ಕಿಂತ ಕಡಿಮೆ. ಹಾಗಾಗಿ ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಅಷ್ಟರಮಟ್ಟಿಗೆ ಕಡಿಮೆ. ತಲೆನೋವು, ವಾಕರಿಕೆ, ಹಸಿವಿಲ್ಲದಿರುವುದು, ಕಣ್ಣು ಮುಚ್ಚಿದೊಡನೆ ಎಚ್ಚರವಾಗುವುದು, ಇದನ್ನೆಲ್ಲ ಸೇರಿಸಿ ಅಲ್ಲಿಯವರು ‘ಸೊರೋಚೆ’ ಎನ್ನುತ್ತಾರೆ. ಗಟ್ಟಿಮುಟ್ಟಾದ ಹುಡುಗರಿಗೂ ಬರುತ್ತದೆ, ವಯಸ್ಸಾದವರಿಗೆ ಬಾರದೆಯೂ ಇರಬಹುದು. ಯಾರಿಗೆ ಬರುತ್ತದೆ ಎಂದು ಮುಂಚೆ ಹೇಳಲಾಗದು.

ಆದ್ದರಿಂದ ಎಲ್ಲಕ್ಕಿಂತ ಮುಖ್ಯವಾದದ್ದು ದಾರಿಯ ಆಯ್ಕೆ. ಸಮುದ್ರದ ಪಕ್ಕದ ಲಿಮಾದಿಂದ ವಿಮಾನದಲ್ಲಿ ನೇರವಾಗಿ ಜುಲಿಯಾಕಾಕ್ಕೆ ಇಳಿದು, ಅಲ್ಲಿಂದ ನಲವತ್ತು ಚಿಲ್ಲರೆ ಕಿಲೋಮೀಟರ್ ಗಾಡಿಯಲ್ಲಿ ಬರುವುದು ಬೇಗ ಮುಗಿಯುವ ದಾರಿ, ಮೈಗೆ ಮಾತ್ರ ಅದರಷ್ಟು ಕಷ್ಟದ್ದು ಬೇರೊಂದಿಲ್ಲ. ಸಮಯವಿದ್ದರೆ ಮೊದಲು 2,300 ಮೀಟರ್ ಎತ್ತರದ ಅರೆಕೀಪಾದಲ್ಲಿ ಎರಡು ಮೂರು ದಿನ ಇರಿ; ಇಲ್ಲವೇ 3,400 ಮೀಟರ್‌ನ ಕೂಸ್ಕೋ ಮುಗಿಸಿಕೊಂಡು ಬನ್ನಿ. ಕೂಸ್ಕೋದಿಂದ ಬಸ್ಸು ಆರೇಳು ಗಂಟೆ ತೆಗೆದುಕೊಳ್ಳುತ್ತದೆ. ರೈಲೂ ಇದೆ, ದುಬಾರಿ, ಇಡೀ ಹಗಲು ಬೇಕು. ಎರಡೂ 4,300 ಮೀಟರ್ ದಾಟುವ ಲಾ ರಾಯಾ ಕಣಿವೆಯ ಮೂಲಕವೇ ಹೋಗುತ್ತವೆ. ಅಲ್ಲಿ ಫೋಟೋಕ್ಕೆಂದು ಇಳಿದಾಗ ಓಡಾಡಬೇಡಿ, ನಿಧಾನವಾಗಿ ನಡೆಯಿರಿ.

ಅಸೆಟಜೋಲಮೈಡ್ ಎಂಬ ಮಾತ್ರೆಯನ್ನು ಎತ್ತರಕ್ಕೆ ಹೋಗುವ ಒಂದು ದಿನ ಮೊದಲೇ ಶುರು ಮಾಡುವ ರೂಢಿಯಿದೆ. ಆದರೆ ಸಲ್ಫಾ ಔಷಧಿಗಳು ಒಗ್ಗದವರಿದ್ದಾರೆ. ಹೃದ್ರೋಗ ಇರುವವರು, ಗರ್ಭಿಣಿಯರು ಇರುತ್ತಾರೆ. ಅದಕ್ಕೆ ಊರು ಬಿಡುವ ಮುಂಚೆ ನಿಮ್ಮ ವೈದ್ಯರನ್ನು ಕೇಳಿಯೇ ತೀರಿ. ಮೊದಲ ರಾತ್ರಿ ಮದ್ಯ ಬೇಡ, ಹೊಟ್ಟೆ ಬಿರಿಯುವ ಊಟವೂ ಬೇಡ. ಸುಮ್ಮನೆ ಕೂತಿದ್ದರೂ ಏದುಸಿರು ಬರುತ್ತಿದ್ದರೆ, ನಡೆಯುವಾಗ ಕಾಲು ತಪ್ಪುತ್ತಿದ್ದರೆ, ಮಾತು ಗೊಂದಲವಾದರೆ, ಬೆಳಗಾಗಲಿ ಎಂದು ಕಾಯಬೇಡಿ. ವೈದ್ಯರನ್ನು ಕರೆಸಿ, ಕೆಳಗಿನ ಊರಿಗೆ ಇಳಿಯುವ ಏರ್ಪಾಡು ಮಾಡಿ. ಇಳಿಯುವುದೇ ಇದಕ್ಕೆ ನಿಜವಾದ ಮದ್ದು.

ಹೋಟೆಲಿನ ಬಾಗಿಲಲ್ಲೇ ಕೋಕಾ ಎಲೆ ಹಾಕಿದ ಬಿಸಿನೀರು ಕೊಡುತ್ತಾರೆ. ಪೆರುವಿನಲ್ಲಿ ಅದು ಕಾನೂನುಬದ್ಧ, ಕುಡಿಯಬಹುದು. ಅಲ್ಲಿನ ಬೆಟ್ಟದ ಪುದೀನದಂಥ ಘಮದ ‘ಮುನ್ಯಾ’ ಸೊಪ್ಪಿನ ಚಹಾ ನನಗೆ ಹೆಚ್ಚು ಇಷ್ಟ. ಕೋಕಾ ಎಲೆಯನ್ನಾಗಲಿ ಅದರ ಟೀ ಪೊಟ್ಟಣವನ್ನಾಗಲಿ ನೆನಪಿಗೆಂದು ಪೆಟ್ಟಿಗೆಗೆ ಹಾಕಿಕೊಳ್ಳಬೇಡಿ. ಭಾರತದ ಮಾದಕವಸ್ತು ಕಾಯ್ದೆಯ ಪ್ರಕಾರ ಕೋಕಾ ಎಲೆ ನಿಷಿದ್ಧ.

ಈಗ ಊರಿಗೆ ಬರೋಣ. ಹದಿನೇಳನೇ ಶತಮಾನದ ನಡುವಿನಲ್ಲಿ ಈಗಿನ ಪೂನೋದ ಪಕ್ಕದ ಲೈಕಕೋಟ ಗುಡ್ಡದಲ್ಲಿ ಬೆಳ್ಳಿ ಸಿಕ್ಕಿತು. ಗಣಿ ಸ್ಪೇನಿನಿಂದ ಬಂದ ಹೋಸೆ ಮತ್ತು ಗಾಸ್ಪಾರ್ ಸಾಲ್ಸೇದೋ ಎಂಬ ಅಣ್ಣತಮ್ಮಂದಿರ ಕೈಲಿತ್ತು. ಗಣಿಯ ಸುತ್ತ ಊರೊಂದು ಎದ್ದಿತು, ಬೆಳ್ಳಿಗಾಗಿ ಬಂದವರಲ್ಲಿ ಆಂಡಲೂಸಿಯಾದವರು, ಬಾಸ್ಕರು ಎಂದು ಎರಡು ಪಂಗಡಗಳಾದವು, ಹೊಡೆದಾಟ ಯುದ್ಧದ ಮಟ್ಟಕ್ಕೆ ಹೋಯಿತು. ಕೊನೆಗೆ ವೈಸರಾಯ್ ಕೌಂಟ್ ಲೇಮೋಸ್ ಲಿಮಾದಿಂದ ತಾನೇ ಸೈನ್ಯ ಸಮೇತ ಹೊರಟುಬಂದ. ಹೋಸೆ ಸಾಲ್ಸೇದೋಗೆ ಮರಣದಂಡನೆಯಾಯಿತು, ಗಣಿಯ ಊರನ್ನು ನೆಲಸಮ ಮಾಡಿಸಿದ, ಜನರನ್ನು ಕೆರೆದಂಡೆಯ ಪೂನೋಗೆ ಸಾಗಿಸಿದ. 1668ರ ನವೆಂಬರ್ 4ರಂದು ಪೂನೋ ಅಧಿಕೃತವಾಗಿ ಸ್ಥಾಪನೆಯಾದದ್ದು ಹೀಗೆ. ದೊರೆಗೆ ಮೇಲ್ಮನವಿ ಹೋಗಿ ಬರುವತನಕ ದಿನಕ್ಕೊಂದು ಬೆಳ್ಳಿ ಗಟ್ಟಿ ಕೊಡುತ್ತೇನೆ, ಜೀವ ಉಳಿಸಿ ಎಂದು ಹೋಸೆ ಬೇಡಿಕೊಂಡನೆಂಬ ಕಥೆ ಈಗಲೂ ಚಾಲ್ತಿಯಲ್ಲಿದೆ. ನಿಜವೋ ಸುಳ್ಳೋ, ಆ ಬೆಳ್ಳಿ ಎಷ್ಟಿತ್ತೆಂದು ಜನ ನಂಬಿದ್ದರು ಎಂಬುದು ಅದರಿಂದ ತಿಳಿಯುತ್ತದೆ. ಗಣಿಯಲ್ಲಿ ಬೆವರು ಸುರಿಸಿದ ಕೇಚುವಾ, ಐಮಾರಾ ಜನರ ಹೆಸರು ಮಾತ್ರ ಯಾವ ಕಥೆಯಲ್ಲೂ ಇಲ್ಲ.

ಅವರ ಕೈಗೆಲಸ ಉಳಿದಿರುವುದು ಮುಖ್ಯ ಚೌಕದ ಕ್ಯಾಥೆಡ್ರಲ್‌ನ ಮುಂಗೋಡೆಯಲ್ಲಿ. 1757ರಲ್ಲಿ ಮುಗಿದ ಈ ಗೋಡೆಯನ್ನು ಕಡೆದವನು ಸಿಮೋನ್ ದೆ ಆಸ್ತೋ. ಬಾಗಿಲ ಹತ್ತಿರ ಹೋಗಿ ಕತ್ತೆತ್ತಿ ನಿಧಾನವಾಗಿ ನೋಡಿ. ಸಂತರ ನಡುವೆ, ಬಳ್ಳಿಗಳ ನಡುವೆ ಮತ್ಸ್ಯಕನ್ಯೆಯರು ಕೂತು ಚರಾಂಗೋ ಎಂಬ ಪುಟ್ಟ ತಂತಿವಾದ್ಯ ನುಡಿಸುತ್ತಿದ್ದಾರೆ. ಯುರೋಪಿನ ಚರ್ಚಿನ ಗೋಡೆಗೆ ಬೆಟ್ಟದ ಜನ ತಮ್ಮ ಕೆರೆಯನ್ನೂ ಸಂಗೀತವನ್ನೂ ತಂದಿಟ್ಟಿದ್ದಾರೆ. ಓರೆಬಿಸಿಲು ಬಿದ್ದಾಗ ಕೆತ್ತನೆ ಎದ್ದು ಕಾಣುತ್ತದೆ. ಅಲ್ಲಿಂದ ಹಿರೋನ್ ಲಿಮಾ ಎಂಬ ಪೇಟೆಬೀದಿ ಹಿಡಿದರೆ ವಾಹನಗಳ ಕಾಟವಿಲ್ಲ. ಮೊದಲ ದಿನಕ್ಕೆ ಇಷ್ಟೇ ನಡಿಗೆ ಸಾಕು. ಇಡೀ ಕೊಲ್ಲಿ ಕಾಣುವ ಕುಂತುರ್ ವಾಸಿ ಗುಡ್ಡಕ್ಕೆ ನೂರಾರು ಮೆಟ್ಟಿಲುಗಳಿವೆ. ಹೋಗಲೇಬೇಕೆಂದರೆ ಟ್ಯಾಕ್ಸಿಯಲ್ಲಿ ಹತ್ತಿ, ಇಳಿಯುವಾಗ ನಡೆಯಿರಿ.

ಇನ್ನು ಹಡಗಿನ ಕಥೆ. 1861ರಲ್ಲಿ ಪೆರು ಸರ್ಕಾರ ಟಿಟಿಕಾಕಾಗೆಂದು ಇಂಗ್ಲೆಂಡಿನಲ್ಲಿ ‘ಯಾವಾರಿ’, ‘ಯಾಪುರಾ’ ಎಂಬ ಎರಡು ಕಬ್ಬಿಣದ ಹಡಗುಗಳಿಗೆ ಆರ್ಡರ್ ಕೊಟ್ಟಿತು. ಸಮುದ್ರದಿಂದ ಕೆರೆಗೆ ನೀರಿನ ದಾರಿಯಿಲ್ಲ, ರೈಲು ಅರ್ಧದಾರಿಗೂ ಬಂದಿರಲಿಲ್ಲ. ಹಡಗುಗಳನ್ನು 2,766 ತುಂಡುಗಳಾಗಿ ಬಿಚ್ಚಿ, ಒಂದು ಹೇಸರಗತ್ತೆ ಹೊರಬಲ್ಲಷ್ಟೇ ತೂಕಕ್ಕೆ ಅಳೆದು ಕಳಿಸಿದರು. ತಾಕ್ನಾ ಊರಿನಿಂದಾಚೆಗೆ ಆಂಡೀಸ್ ಪರ್ವತದ ದಾರಿ. ಗುತ್ತಿಗೆದಾರ ಕೈಚೆಲ್ಲಿದ, ತುಂಡುಗಳು ದಾರಿಯುದ್ದಕ್ಕೂ ಬಿದ್ದಿದ್ದವು, ಎಲ್ಲವೂ ಪೂನೋ ಸೇರಲು ವರ್ಷಗಳೇ ಹಿಡಿದವು. 1870ರ ಕ್ರಿಸ್‌ಮಸ್ ದಿನ ಯಾವಾರಿ ನೀರಿಗಿಳಿಯಿತು. ಮರವೇ ಇಲ್ಲದ ಆ ಸೀಮೆಯಲ್ಲಿ ಬಾಯ್ಲರಿಗೆ ಹಾಕಿದ ಉರುವಲು ಒಣಗಿದ ಲಾಮಾ ಹಿಕ್ಕೆ. ಸ್ವಲ್ಪ ವರ್ಷಗಳಲ್ಲೇ ರೈಲು ಬಂತು, ಅರೆಕೀಪಾ ಕಡೆಯ ಉಣ್ಣೆ ವ್ಯಾಪಾರ ಇದೇ ಬಂದರಿನ ಮೂಲಕ ನಡೆಯಿತು. ಪೂನೋದ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಇದೇ: ಈ ಎತ್ತರಕ್ಕೆ ಏನೇ ಬರಬೇಕಿದ್ದರೂ ಯಾರೋ ಒಬ್ಬರ ಉಸಿರಿನ ಬೆಲೆ ತೆತ್ತೇ ಬರಬೇಕಿತ್ತು.

ಊಟದ ಮಾತು. ಸಸ್ಯಾಹಾರಿಗಳು ಗಾಬರಿಪಡಬೇಕಿಲ್ಲ, ಆದರೆ ಕೇಳುವುದನ್ನು ಕಲಿಯಬೇಕು. ‘ಸಿನ್ ಕಾರ್ನೆ’ ಎಂದರಷ್ಟೇ ಸಾಲದು, ಕೋಳಿ ಬಂದೀತು. ‘ಸಿನ್ ಪೋಯೋ, ಸಿನ್ ಪೆಸ್ಕಾದೋ’ ಎಂದು ಕೋಳಿ, ಮೀನುಗಳನ್ನೂ ಬೇಡವೆನ್ನಬೇಕು. ಸೂಪಿನ ನೀರು ಮಾಂಸದ್ದೇ ಎಂದು ಬೇರೆಯಾಗಿ ವಿಚಾರಿಸಿ. ಕಿನೋವಾ ಸೂಪು, ಕರಿದ ಗಿಣ್ಣು, ಜೋಳ, ಅವರೆಯಂಥ ದೊಡ್ಡ ಕಾಳು, ಬಗೆಬಗೆಯ ಆಲೂಗಡ್ಡೆ ಎಲ್ಲ ಸಿಗುತ್ತವೆ. ಆಲೂಗಡ್ಡೆಯನ್ನು ಮನುಷ್ಯ ಮೊದಲು ಬೆಳೆಸಿದ್ದು ದಕ್ಷಿಣ ಪೆರುವಿನ ಇದೇ ಎತ್ತರದ ಸೀಮೆಯಲ್ಲಿ ಎನ್ನುತ್ತಾರೆ ಸಸ್ಯವಿಜ್ಞಾನಿಗಳು. ಹಾಸನದ ಹೊಲದ ಗೆಡ್ಡೆಗೂ ತವರು ಅದೇ. ಸಂತೆಯಲ್ಲಿ ಬೆಂಡಿನಂತೆ ಹಗುರವಾಗಿ, ಕಪ್ಪಗೆ ಸುಕ್ಕುಗಟ್ಟಿದ ಉಂಡೆಗಳ ರಾಶಿ ಕಂಡರೆ ಅದು ‘ಚುನ್ಯೋ’. ಜೂನ್, ಜುಲೈ ರಾತ್ರಿಗಳ ಹಿಮದಲ್ಲಿ ಆಲೂಗಡ್ಡೆಯನ್ನು ಬಯಲಲ್ಲಿ ಹರಡುತ್ತಾರೆ. ಅದು ಹೆಪ್ಪುಗಟ್ಟುತ್ತದೆ. ಬಿಸಿಲೇರಿ ಕರಗಿದಾಗ ಬರಿಗಾಲಲ್ಲಿ ತುಳಿದು ನೀರು ಹಿಂಡುತ್ತಾರೆ, ಮತ್ತೆ ಒಣಗಿಸುತ್ತಾರೆ. ವರ್ಷಗಟ್ಟಲೆ ಕೆಡುವುದಿಲ್ಲ. ಅಲ್ಲಿಯ ರಾತ್ರಿಯ ಚಳಿ ಎಂಥದ್ದೆಂದು ತಿಳಿಯಲು ಅದೊಂದು ಉಂಡೆ ಸಾಕು. ಆದ್ದರಿಂದ ಉಣ್ಣೆಬಟ್ಟೆ ಪದರಪದರವಾಗಿ ಒಯ್ಯಿರಿ. ಹಗಲಿಗೆ ಅಗಲ ಅಂಚಿನ ಟೋಪಿ, ಒಳ್ಳೆಯ ಸನ್‌ಸ್ಕ್ರೀನ್ ಬೇಕು. ಗಾಳಿ ತಣ್ಣಗಿದ್ದರೂ ಬಿಸಿಲು ಚರ್ಮ ಸುಡುತ್ತದೆ.

ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಆಕಾಶ ತಿಳಿ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಮಳೆ. ಆದರೂ ನನ್ನನ್ನು ಕೇಳಿದರೆ ಮಳೆಗೇ ಹೋಗಿ ಎನ್ನುತ್ತೇನೆ, ಫೆಬ್ರುವರಿಯ ಕಂದೆಲಾರಿಯಾ ಮಾತೆಯ ಹಬ್ಬಕ್ಕೆ. ಫೆಬ್ರುವರಿ 2 ಮುಖ್ಯ ದಿನ. ಕುಣಿತ, ವಾದ್ಯ ವಾರಗಟ್ಟಲೆ ನಡೆಯುತ್ತದೆ. ಕೊಂಬಿನ ಮುಖವಾಡ ತೊಟ್ಟ ‘ದಿಯಾಬ್ಲಾದಾ’ ಕುಣಿತದವರು, ಬೆಟ್ಟದ ಹಳ್ಳಿಗಳಿಂದ ಕೊಳಲು ಊದಿಕೊಂಡು ಬರುವ ತಂಡಗಳು ಬೀದಿ ತುಂಬುತ್ತವೆ. 2014ರಲ್ಲಿ ಯುನೆಸ್ಕೋ ಇದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಆ ದಿನಗಳಿಗೆ ಕೋಣೆಯನ್ನು ತಿಂಗಳುಗಳ ಮುಂಚೆಯೇ ಕಾದಿರಿಸಿ.

ಎರಡನೇ ದಿನ ನೀರಿಗಿಳಿಯಿರಿ. ಬಂದರಿನ ಹತ್ತಿರವೇ ಊರೋಸ್ ಜನರ ತೇಲುವ ದ್ವೀಪಗಳು. ತೊತೋರಾ ಎಂಬ ಜೊಂಡಿನ ಬೇರುಗಡ್ಡೆಗಳನ್ನು ಇಟ್ಟಿಗೆಯ ಹಾಗೆ ಕತ್ತರಿಸಿ, ಗೂಟ ಹೊಡೆದು ಹಗ್ಗದಿಂದ ಬಿಗಿದು, ಮೇಲೆ ಜೊಂಡನ್ನು ಅಡ್ಡಡ್ಡ, ಉದ್ದುದ್ದ ಹಾಸುತ್ತಾರೆ. ಕೆಳಗಿನದು ಕೊಳೆಯುತ್ತ ಹೋಗುತ್ತದೆ, ಮೇಲಿಂದ ಹೊಸದು ಹಾಸುತ್ತಲೇ ಇರಬೇಕು. ಬಿಟ್ಟರೆ ಕಾಲಡಿಯ ನೆಲವೇ ಇಲ್ಲ. ಕಾಲಿಟ್ಟರೆ ಹಾಸು ಮೆಲ್ಲಗೆ ತಗ್ಗುತ್ತದೆ, ಒದ್ದೆ ಹುಲ್ಲಿನ ವಾಸನೆ. ಈಗ ಅದೆಲ್ಲ ಪ್ರವಾಸಿಗರ ನಾಟಕ ಎಂದು ಮೂಗು ಮುರಿಯುವವರಿದ್ದಾರೆ. ಬಂದವರಿಂದಲೇ ಅವರ ಜೀವನ ನಡೆಯುತ್ತಿದೆ ನಿಜ, ಆದರೆ ನೆಲ ಕಟ್ಟುವ ಕೆಲಸ ನಾಟಕವಲ್ಲ. ಬೇಕೆನಿಸಿದ ಕಸೂತಿಯನ್ನು ಹೊಲಿದವರ ಕೈಯಿಂದಲೇ ಕೊಳ್ಳಿ, ಬೇಡವಾದರೆ ನಗುತ್ತ ಬೇಡವೆನ್ನಿ.

ಒಂದು ರಾತ್ರಿ ಮಿಕ್ಕಿದ್ದರೆ ಅಮಂತಾನಿ ದ್ವೀಪಕ್ಕೆ ಕೊಡಿ. ಅಲ್ಲಿ ಊರವರೇ ಸರದಿಯ ಮೇಲೆ ಅತಿಥಿಗಳನ್ನು ಮನೆಗೆ ಕರೆದೊಯ್ಯುತ್ತಾರೆ. ಊಟ ಹೆಚ್ಚಾಗಿ ಸಸ್ಯಾಹಾರವೇ. ಮಕ್ಕಳಿಗೆ ಮಿಠಾಯಿ ಹಂಚುವುದರ ಬದಲು ಮನೆಗೆ ಅಕ್ಕಿ, ಎಣ್ಣೆ, ಹಣ್ಣು ಒಯ್ಯಿರಿ. ಟಾರ್ಚ್ ಮರೆಯಬೇಡಿ. ಗಂಡಸರು ದಾರಿ ನಡೆಯುತ್ತಲೇ ಟೋಪಿ ಹೆಣೆಯುವ ತಾಕಿಲೆ ದ್ವೀಪ ಮರುದಿನಕ್ಕೆ; ದೋಣಿಕಟ್ಟೆಯಿಂದ ಊರಿಗೆ ಐನೂರಕ್ಕೂ ಹೆಚ್ಚು ಮೆಟ್ಟಿಲು, ಆದ್ದರಿಂದಲೇ ಅದು ಮೊದಲ ದಿನಕ್ಕೆ ಬೇಡ.

ಒಂದು ನೋವಿನ ಸಂಗತಿಯನ್ನೂ ಹೇಳಬೇಕು. ಪೂನೋ ಪಕ್ಕದ ಕೊಲ್ಲಿಯ ನೀರಿನ ಮೇಲೆ ಹಸಿರು ಪಾಚಿಯಂತೆ ಸಸ್ಯ ಹರಡಿರುವುದು ಕಾಣುತ್ತದೆ. ಅದು ಊರಿನ ಚರಂಡಿಯ ಫಲ. ಕೆರೆಯಿಂದ ಹೊರಹೋಗುವ ನದಿ ದೆಸಾಗ್ವಾದೇರೋ ಒಂದೇ, ಅದೂ ಒಯ್ಯುವುದು ಸ್ವಲ್ಪ. ಉಳಿದ ನೀರೆಲ್ಲ ಬಿಸಿಲಿಗೆ, ಗಾಳಿಗೆ ಆವಿಯಾಗುತ್ತದೆ. ಬಂದ ಕೊಳೆ ಅಲ್ಲೇ ಉಳಿಯುತ್ತದೆ. ಬಾಟಲಿ, ಪೊಟ್ಟಣ ಏನನ್ನೂ ದ್ವೀಪಗಳಲ್ಲಿ ಬಿಟ್ಟು ಬರಬೇಡಿ, ಊರಿಗೆ ವಾಪಸು ತನ್ನಿ.

ಹೊರಡುವ ಮುನ್ನ ರಸ್ತೆಯ ಸುದ್ದಿ ವಿಚಾರಿಸಿ. ಈ ಸೀಮೆಯಲ್ಲಿ ಮುಷ್ಕರವೆಂದರೆ ರಸ್ತೆಗೆ ಕಲ್ಲು ಅಡ್ಡ ಬೀಳುತ್ತದೆ. 2023ರ ಜನವರಿಯಲ್ಲಿ ಜುಲಿಯಾಕಾದ ಪ್ರತಿಭಟನೆಯಲ್ಲಿ ಅನೇಕರು ಸತ್ತರು, ಆ ದುಃಖ ಆರಿಲ್ಲ. ಆ ಬಗ್ಗೆ ಜನ ಮಾತಾಡಿದರೆ ತಾಳ್ಮೆಯಿಂದ ಕೇಳಿ. ಮುಂದಿನ ವಿಮಾನಕ್ಕೂ ಪೂನೋಗೂ ನಡುವೆ ಒಂದು ದಿನ ಸಡಿಲು ಇಟ್ಟುಕೊಳ್ಳಿ. ಬೊಲಿವಿಯಾಕ್ಕೆ ಹೋಗುವವರು ಕಸಾನಿ ಗಡಿಯಲ್ಲಿ ಪೆರುವಿನ ನಿರ್ಗಮನ ಮುದ್ರೆ ಹಾಕಿಸಿಕೊಂಡು ನಡೆದು ದಾಟಬೇಕು. ವೀಸಾವನ್ನು ಮೊದಲೇ ಖಚಿತಪಡಿಸಿಕೊಂಡಿರಿ, ಪೆರುವಿನ ಸೋಲ್ ನೋಟುಗಳನ್ನು ಖರ್ಚು ಮಾಡಿರಿ, ಗಡಿಯಾಚೆ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿ.